ಮಗು ಮಲಗಿದ ಮೇಲೆ ಕಟ್ಟುವ ಮನೆ

ಸತ್ಯವೇದ ತೆಗೆಯಿರಿ. ವಿಮೋಚನಕಾಂಡ 35ನೇ ಅಧ್ಯಾಯ, 30ರಿಂದ 34ನೇ ವಚನ. ಮೊಬೈಲಲ್ಲಿ ಓದುವವರು ವಾಟ್ಸಾಪ್ ಕಡೆ ಹೋಗಬೇಡಿ, ವಾಕ್ಯದಲ್ಲೇ ಇರಿ.

ಇಲ್ಲಿ ಬೆಚಲೇಲ ಅಂತ ಒಬ್ಬನಿದ್ದಾನೆ, ಯೂದ ಕುಲದವನು. ದೇವರು ಇವನನ್ನು ಹೆಸರು ಹಿಡಿದು ಕರೆದು, ತಮ್ಮ ಆತ್ಮದಿಂದ ತುಂಬಿಸಿದ್ದಾರೆ ಎಂದು ಮೋಶೆ ಜನರಿಗೆ ತಿಳಿಸುತ್ತಾನೆ. ಯಾತಕ್ಕೆ ತುಂಬಿಸಿದರು? ಪ್ರವಾದನೆ ಹೇಳುವುದಕ್ಕಾ? ಅಲ್ಲ. ಚಿನ್ನ ಬೆಳ್ಳಿಯ ಕೆಲಸಕ್ಕೆ, ಕಲ್ಲಿನ ಕೆಲಸಕ್ಕೆ, ಮರದ ಕೆಲಸಕ್ಕೆ! ಅಭಿಷೇಕ ಅಂದ ತಕ್ಷಣ ನಮಗೆ ಆರಾಧನೆ, ಅನ್ಯಭಾಷೆ ನೆನಪಾಗುತ್ತೆ. ಅದಕ್ಕೂ ಸ್ತೋತ್ರ. ಆದರೆ ಪವಿತ್ರಾತ್ಮನು ನಾಲಿಗೆಗೆ ಮಾತ್ರ ಅಲ್ಲ, ಕೈಗೂ ಬರುತ್ತಾನೆ. ಆಮೆನ್ ಹೇಳಿ.

ಯಾಕೆ ಹೇಳ್ತಿದ್ದೀನಿ ಅಂದರೆ, ಹೋದ ವಾರ ಒಬ್ಬ ಬ್ರದರ್ ನನ್ನನ್ನು ಕೇಳಿದರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ನೈಟ್ ಶಿಫ್ಟ್. ಮಗಳಿಗೆ ನಾಲ್ಕು ವರ್ಷ ತುಂಬುತ್ತಿದೆ. ಮರದ ಗೊಂಬೆ ಮನೆ ಕಿಟ್ ತರಿಸಿದ್ದಾರೆ. "ಪಾಸ್ಟರ್, ವೀಕಾಫ್ ದಿನ ಅವಳು ಮಲಗಿದ ಮೇಲೆ ಕೂತು ಮುಗಿಸಿಬಿಡ್ತೀನಿ. ಬೆಳಿಗ್ಗೆ ಎದ್ದರೆ ಸರ್ಪ್ರೈಸ್! ಆದರೆ ಆಟದ ಸಾಮಾನಿಗೆ ಇಷ್ಟು ಹೊತ್ತು ಕೊಡೋದು ಆತ್ಮಿಕವಾಗಿ ಸರೀನಾ?" ಅಂದರು.

ಬ್ರದರ್, ಬೆಚಲೇಲನ ದೇವರು ಮರದ ಕೆಲಸವನ್ನು ಕೀಳಾಗಿ ನೋಡುವವರಲ್ಲ. ಆದರೆ 34ನೇ ವಚನ ನೋಡಿ. ದೇವರು ಅವನಿಗೆ ಕೌಶಲ ಕೊಟ್ಟು ಅಷ್ಟಕ್ಕೇ ಬಿಡಲಿಲ್ಲ. ಬೇರೆಯವರಿಗೆ ಕಲಿಸುವ ಮನಸ್ಸನ್ನೂ ಅವನ ಹೃದಯದಲ್ಲಿ ಇಟ್ಟರು, ಒಹೊಲೀಯಾಬನಿಗೂ ಇಟ್ಟರು. ಕೈಕೆಲಸದ ಜೊತೆಗೇ ಕಲಿಸುವ ಹೃದಯ! ಹಾಗಿರುವಾಗ ಮಗು ಮಲಗಿದ ಮೇಲೆ ಯಾಕೆ ಕಟ್ಟುತ್ತೀರಿ? ಮಗು ಎದ್ದಿರುವಾಗ, ಅವಳ ಜೊತೆಗೇ ಕಟ್ಟಿ.

"ಪಾಸ್ಟರ್, ಅವಳು ಎಲ್ಲಾ ಹಾಳು ಮಾಡ್ತಾಳೆ" ಅಂತೀರಾ? ಕೆಲಸ ಹಂಚಿಕೊಳ್ಳಿ. ಈ ಕಿಟ್‌ಗಳು ಪ್ಲೈವುಡ್ ಅಥವಾ ಎಂಡಿಎಫ್ ಹಲಗೆಯಾಗಿ ಬರುತ್ತವೆ. ಲೇಸರ್‌ನಲ್ಲಿ ಕತ್ತರಿಸಿದ್ದರೆ ಅಂಚು ಕಪ್ಪಾಗಿರುತ್ತೆ. ಬ್ಲೇಡ್ ನಿಮ್ಮ ಕೆಲಸ. ಸ್ಯಾಂಡ್ ಪೇಪರ್ ತಿಕ್ಕುವುದೂ ನಿಮ್ಮದೇ. ಬಾಲ್ಕನಿಗೆ ಹೋಗಿ, ಮಾಸ್ಕ್ ಹಾಕಿ, ಮಗುವನ್ನು ದೂರ ಇಟ್ಟು ತಿಕ್ಕಿ, ಯಾಕಂದರೆ ಎಂಡಿಎಫ್ ಧೂಳು ಎದೆಗೆ ಒಳ್ಳೆಯದಲ್ಲ. ತುಂಡುಗಳನ್ನು ನಂಬರ್ ನೋಡಿ ಜೋಡಿಸುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಗೋಡೆಗೆ ಬಣ್ಣ ಹಚ್ಚುವುದು ಅವಳ ಕೆಲಸ. ಬಣ್ಣ ಮೊದಲೇ ಹಚ್ಚಿಸಿ. ಮನೆ ನಿಂತ ಮೇಲೆ ಒಳಗೆ ಬ್ರಷ್ ಹೋಗಲ್ಲ. ಆಮೇಲೆ ಅಂಟು ಹಾಕದೆ ಒಂದು ಸಲ ಪೂರ್ತಿ ಕೂರಿಸಿ ನೋಡಿ. ಅವಳ ಅಡುಗೆಮನೆ ಗೋಡೆ ನೇರಳೆ ಬಣ್ಣ ಆಯ್ತಾ? ಆಗಲಿ, ಅವಳ ಮನೆ ಅದು.

ಇನ್ನು ಅಂಟು. ಹಾಕಿದ ಕೂಡಲೇ ಕೈ ಬಿಟ್ಟರೆ ಗೋಡೆ ಬೀಳುತ್ತೆ. ಟೇಪ್ ಸುತ್ತಿ ಕಾಯಬೇಕು. ಡೆಡ್‌ಲೈನ್‌ನಲ್ಲಿ ಬದುಕುವ ನಮಗೆ ಕಾಯುವುದೇ ಕಷ್ಟ, ಅಲ್ವಾ? ಪ್ರಿಯರೇ, ಆ ಅರ್ಧ ಗಂಟೆಯೇ ನಿಮಗೆ ಸಿಕ್ಕ ಸಮಯ. ಧರ್ಮೋಪದೇಶಕಾಂಡ 6:7ರಲ್ಲಿ ಮಕ್ಕಳಿಗೆ ವಾಕ್ಯ ಕಲಿಸುವ ಜಾಗ ಯಾವುದು? ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಸಂಡೇ ಸ್ಕೂಲ್ ಟೀಚರ್‌ಗೆ ವಾರಕ್ಕೆ ಒಂದು ಗಂಟೆ ಸಿಗುತ್ತೆ. ನಿಮಗೆ ಅಂಟು ಒಣಗುವಷ್ಟು ಹೊತ್ತು ಸಿಕ್ಕಿದೆ. ಫೋನ್ ತೆಗೆಯಬೇಡಿ. "ಈ ಮನೆಯಲ್ಲಿ ಯಾರು ಇರ್ತಾರೆ ಕಂದಾ?" ಅಂತ ಕೇಳಿ. ಅವಳು ಗೊಂಬೆ ಅಪ್ಪನನ್ನು ಎಲ್ಲಿ ಇಡುತ್ತಾಳೆ ನೋಡಿ. ಸೋಫಾ ಮೇಲೆ ಇಡುತ್ತಾಳಾ, ಬಾಗಿಲ ಹೊರಗೆ ಇಡುತ್ತಾಳಾ? ನಮ್ಮ ಮನೆ ಹೇಗಿದೆ ಅಂತ ಅಲ್ಲೇ ಗೊತ್ತಾಗಿಬಿಡುತ್ತೆ.

ಕೊಳ್ಳುವ ಮೊದಲು ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಸಣ್ಣ ತುಂಡು ಕೈಗೆ ಸಿಗದಿರಲಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಇದು ಕೂಡ ವಾಕ್ಯವೇ. ಹೊಸ ಮನೆ ಕಟ್ಟಿದರೆ ಯಾರೂ ಬೀಳದಂತೆ ಮಾಳಿಗೆಗೆ ಗೋಡೆ ಕಟ್ಟಬೇಕು ಅಂತ ಧರ್ಮೋಪದೇಶಕಾಂಡ 22:8 ಕಲಿಸುತ್ತೆ. ಒಳಗೆ ಇಡಲು ಪಾತ್ರೆ ಸಾಮಾನು ಬೇಕಾದರೆ ಮೈಸೂರು ರಸ್ತೆಯ ಚನ್ನಪಟ್ಟಣ ಇದೆಯಲ್ಲ! ತಿರುಗುವ ಮರಕ್ಕೆ ಅರಗು ಒತ್ತಿ, ಆ ಬಿಸಿಗೇ ಬಣ್ಣ ಹತ್ತಿಸುವ ಕೈಗಳು ಅಲ್ಲಿವೆ. ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ.

ಕಡೆಯದಾಗಿ ಒಂದು ಮಾತು. ಮತ್ತಾಯ 13:55ರಲ್ಲಿ ಜನ ಯೇಸುವನ್ನು ಬಡಗಿಯ ಮಗ ಅಂತಾರೆ. ಮಾರ್ಕ 6:3ರಲ್ಲಿ ಬಡಗಿ ಅಂತಲೇ ಕರೀತಾರೆ. ಬಡಗಿಯ ಮಗ ಬಡಗಿಯಾಗಬೇಕಾದರೆ ನಡುವೆ ಎಷ್ಟು ದಿನ ಯೋಸೇಫನ ಪಕ್ಕದಲ್ಲಿ ನಿಂತಿರಬೇಕು! ಲೋಕರಕ್ಷಕನೂ ಒಂದು ಮನೆಯಲ್ಲಿ ಬೆಳೆದನು. ಹಲ್ಲೆಲೂಯಾ!

ಕೀರ್ತನೆ 127 ಮನೆ ಕಟ್ಟುವುದರಿಂದ ಶುರುವಾಗುತ್ತೆ, ಬೇಗ ಎದ್ದು ತಡವಾಗಿ ಮಲಗಿ ದುಡಿಯುವವರ ಬಗ್ಗೆ ಹೇಳುತ್ತೆ, ಆಮೇಲೆ ಮಕ್ಕಳ ಬಗ್ಗೆ ಹೇಳುತ್ತೆ. ವೈಟ್‌ಫೀಲ್ಡ್‌ನಲ್ಲಿ ಫ್ಲ್ಯಾಟ್‌ಗೆ ಇಎಂಐ ಕಟ್ಟುವವರೇ, ಪೀಣ್ಯದಲ್ಲಿ ಡಬಲ್ ಶಿಫ್ಟ್ ಮಾಡುವವರೇ, ಮಕ್ಕಳಿಗೋಸ್ಕರ ದುಡೀತಿದ್ದೀವಿ ಅಂತೀರಿ. ಕರ್ತನು ನಿಮ್ಮ ದುಡಿಮೆಯನ್ನು ಕಾಣುತ್ತಾನೆ. ಆದರೆ ಮಕ್ಕಳಿಗೋಸ್ಕರ ಅನ್ನುವುದು ಬೇರೆ, ಮಕ್ಕಳ ಜೊತೆ ಅನ್ನುವುದು ಬೇರೆ. ಇಮ್ಮಾನುವೇಲ್ ಅಂದರೆ ದೇವರು ನಮ್ಮ ಜೊತೆ. ನಮ್ಮ ತಂದೆ ಮಗನನ್ನೇ ನಮ್ಮ ಜೊತೆ ಇರಲು ಕಳಿಸಿದರು.

ಈ ವಾರ ಎರಡು ಗಂಟೆ ತೆಗೆದಿಡಿ. ಮಕ್ಕಳಿಲ್ಲದವರು, ಮದುವೆಯಾಗದವರು ಅಣ್ಣನ ಮಗುವಿನ ಜೊತೆ, ಪಕ್ಕದ ಮನೆ ಮಗುವಿನ ಜೊತೆ ಕೂತುಕೊಳ್ಳಿ. ಗೋಡೆ ಸೊಟ್ಟ ಬಂದರೂ ಪರವಾಗಿಲ್ಲ.

ಪ್ರಾರ್ಥನೆ ಮಾಡೋಣ. ತಂದೆಯೇ, ಬೆಚಲೇಲನನ್ನು ತುಂಬಿಸಿದ ಆತ್ಮದಿಂದ ನಮ್ಮ ಕೈಗಳನ್ನು ತುಂಬಿಸು. ಕಲಿಸುವ ಹೃದಯ ಕೊಡು. ಸುಸ್ತಾದ ಅಪ್ಪಂದಿರಿಗೆ, ಅಮ್ಮಂದಿರಿಗೆ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.