ಇಂದಿನ ಧಮ್ಮ ಚಿಂತನೆ: ಬ್ರೇಕ್ ಹಿಡಿಯದ ಗಾಡಿ





ಕಳೆದ ಭಾನುವಾರ ಕೊಡೇಕಲ್ಲಿನಲ್ಲಿ ನಮ್ಮ ಅಧ್ಯಯನ ಬಳಗ ಸೇರಿದಾಗ ಬರಲಾಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂದು ತ್ರಿಸರಣ, ಪಂಚಶೀಲ ಮುಗಿದ ಮೇಲೆ ಓದಬೇಕಿದ್ದ ಪುಟವನ್ನು ಓದಲೇ ಇಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಿದ್ದ. ಹತ್ತನೇ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ, ಈಗ ಲಡಾಖಿನಲ್ಲಿ ಗುತ್ತಿಗೆದಾರರೊಬ್ಬರ ಲಾರಿ ಓಡಿಸುತ್ತಾನೆ. ಹೆಸರು ಹಾಕಬೇಡಿ ಎಂದಿದ್ದಾನೆ, ಹಾಕುವುದಿಲ್ಲ. ನಾಲ್ಕು ಮಾತು ಹೇಳಪ್ಪ ಅಂದೆ. "ಸರ, ನಂಗ ಧಮ್ಮ ಗಿಮ್ಮ ಗೊತ್ತಿಲ್ರಿ, ಗಾಡಿ ಹೊಡಿಯೋದಷ್ಟೇ ಗೊತ್ತದ" ಅಂದ. ಹಾಗಾದರೆ ಗಾಡಿಯದೇ ಹೇಳು ಅಂದೆವು.

ನಮ್ಮ ಕಡೆ ಐಸ್ ಅಂದರೆ ಜಾತ್ರೆಯಲ್ಲಿ ಮಕ್ಕಳು ಚೀಪುವ ಐಸ್‌ಕ್ಯಾಂಡಿ. ಬೇಸಿಗೆಯಲ್ಲಿ ನಾರಾಯಣಪುರದ ಕಾಲುವೆ ನೀರೂ ಬೆಚ್ಚಗಾಗುವ ಸೀಮೆ ಇದು. ಆದರೆ ಹಿಮದ ರಸ್ತೆ ನಮಗೆ ದೂರದ ಸುದ್ದಿಯೇನಲ್ಲ. 2024ರ ಡಿಸೆಂಬರ್ 24ರಂದು ಜಮ್ಮು ಕಾಶ್ಮೀರದ ಪೂಂಛ್ ಜಿಲ್ಲೆಯಲ್ಲಿ ಸೇನೆಯ ವಾಹನವೊಂದು ಕಂದಕಕ್ಕೆ ಉರುಳಿ ಅಂದು ಐವರು ಸೈನಿಕರು ತೀರಿಕೊಂಡರಲ್ಲ, ಅವರಲ್ಲಿ ಮೂವರು ನಮ್ಮ ಕರ್ನಾಟಕದವರು. ಬೆಳಗಾವಿ, ಬಾಗಲಕೋಟೆ, ಉಡುಪಿ ಜಿಲ್ಲೆಯ ಮನೆಗಳಿಗೆ ಶವಪೆಟ್ಟಿಗೆ ಬಂದದ್ದನ್ನು ಟಿ.ವಿ.ಯಲ್ಲಿ ನೋಡಿದ್ದೇವೆ. ನಮ್ಮ ಭಾಗದ ಹುಡುಗರು ಹೊಟ್ಟೆಪಾಡಿಗೆ ಬೆಂಗಳೂರು, ಮುಂಬೈ ಅಂತ ಹೋದ ಹಾಗೆ ಈಗ ಅಲ್ಲಿಗೂ ಹೋಗಿದ್ದಾರೆ.

ಇವನು ಹೇಳಿದ್ದು ಖಾರ್ದುಂಗ್ ಲಾ ಎಂಬ ಕಣಿವೆದಾರಿಯ ಕಥೆ. ಲೇಹ್ ಪಟ್ಟಣದಿಂದ ನುಬ್ರಾ ಕಡೆ ಹೋಗುವ ದಾರಿ ಅದು, ನೆತ್ತಿ 17,500 ಅಡಿಗೂ ಮೇಲೆ. ಅವನು ನುಬ್ರಾದಲ್ಲಿ ಮಾಲು ಇಳಿಸಿ ಖಾಲಿ ಗಾಡಿ ತಿರುಗಿಸಿಕೊಂಡು ಬರುತ್ತಿದ್ದ. ಖಾಲಿ ಗಾಡಿಯೇ ಮಂಜಿನ ಮೇಲೆ ಹೆಚ್ಚು ಜಾರುತ್ತದಂತೆ. ಹಿಂದಿನ ಗಾಲಿಯ ಮೇಲೆ ಭಾರವಿಲ್ಲದಿದ್ದರೆ ನೆಲ ಹಿಡಿಯುವುದಿಲ್ಲ.

ದೊಡ್ಡ ಲಾರಿಗಳಿಗೆ ಇರುವುದು ಗಾಳಿಯ ಬ್ರೇಕು. ಎಂಜಿನ್ ತಿರುಗುವಾಗ ಗಾಳಿ ಟ್ಯಾಂಕಿನಲ್ಲಿ ತುಂಬಿಕೊಳ್ಳುತ್ತದೆ, ಪೆಡಲ್ ಒತ್ತಿದರೆ ಆ ಗಾಳಿ ಪೈಪಿನಲ್ಲಿ ಹಾದು ಗಾಲಿಯ ಬ್ರೇಕನ್ನು ಒತ್ತುತ್ತದೆ. ಗಾಳಿಯ ಜೊತೆ ಅದರ ತೇವವೂ ಒಳಗೆ ಹೋಗಿ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ದಿನಾ ಸಂಜೆ ಗಾಡಿ ನಿಲ್ಲಿಸಿದ ಮೇಲೆ ಕೆಳಗಿನ ಬಳೆ ಎಳೆದು ಆ ನೀರನ್ನು ಹೊರಗೆ ಬಿಡಬೇಕು. ಬುಸ್ ಅಂತ ಗಾಳಿ, ಹಿಂದೆಯೇ ಒಂದಿಷ್ಟು ಎಣ್ಣೆ ಬೆರೆತ ನೀರು. ಎರಡು ನಿಮಿಷದ ಕೆಲಸ. ನಮ್ಮೂರಲ್ಲಿ ವಾರಗಟ್ಟಲೆ ಬಿಡದಿದ್ದರೂ ಗಾಡಿ ಓಡುತ್ತದೆ. ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವ ಅಲ್ಲಿ ಹಾಗಲ್ಲ. ನಿಂತ ನೀರು ಪೈಪಿನ ಬಾಯಲ್ಲೇ ಕಲ್ಲಾಗುತ್ತದೆ. ಇವನದು ಹಳೇ ಗಾಡಿ ಬೇರೆ.

"ದಿನಾ ಬಿಡ್ತಿದ್ದೆ ಸರ. ಅವತ್ತೊಂದಿನ ಬಿಡ್ಲಿಲ್ರಿ."

ಯಾಕೆ ಬಿಡಲಿಲ್ಲ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಆ ಸಂಜೆ ಡ್ರೈವರುಗಳೆಲ್ಲ ಊಟಕ್ಕೆ ಕೂತಿದ್ದರು. ಎರಡು ದಿನದಿಂದ ಇವನ ಜೊತೆಯಲ್ಲೇ ರೊಟ್ಟಿ ಮುರಿದು ತಿಂದಿದ್ದ ಇನ್ನೊಬ್ಬ ಡ್ರೈವರು, ಇವನ ಗಾಡಿಯೊಳಗಿನ ಬಾಬಾಸಾಹೇಬರ ಫೋಟೊ ನೋಡಿ ಬಂದವನು, ತನ್ನ ತಟ್ಟೆಯನ್ನು ಆಚೆ ಸರಿಸಿಕೊಂಡು ಒಂದು ಮಾತು ಅಂದ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಭಾಷೆ ಬೇರೆಯಾದರೂ ನಮಗೆಲ್ಲ ಗೊತ್ತಿರುವ ಮಾತೇ. ಉಳಿದವರು ತಲೆ ಎತ್ತದೆ ಉಂಡರು. ಇವನು ಎದ್ದು ಬಂದು ಕ್ಯಾಬಿನ್ನಿನಲ್ಲಿ ಕಂಬಳಿ ಹೊದ್ದು ಮಲಗಿದ. ನಿದ್ದೆ ಬರಲಿಲ್ಲ. ನೀರು ಬಿಡುವುದು ನೆನಪಾಗಲಿಲ್ಲ. ಬೆಳಗಿನ ಜಾವ ಆ ಮನುಷ್ಯನ ಮುಖ ನೋಡುವುದೇ ಬೇಡವೆಂದು ಎಲ್ಲರಿಗಿಂತ ಮೊದಲು ಗಾಡಿ ಹೊರಡಿಸಿದ. ಹೊರಡುವ ಮುನ್ನ ಹತ್ತು ಅಡಿ ಓಡಿಸಿ ಬ್ರೇಕ್ ಒತ್ತಿ ನೋಡುವುದು ಅಲ್ಲಿಯ ರೂಢಿ. ಅದನ್ನೂ ಮಾಡಲಿಲ್ಲ.

ಏರುದಾರಿಯಲ್ಲಿ ಬ್ರೇಕಿನ ಕೆಲಸ ಕಡಿಮೆ, ಗೊತ್ತಾಗಲಿಲ್ಲ. ನೆತ್ತಿ ದಾಟಿ ಸೌತ್ ಪುಲ್ಲು ಚೆಕ್‌ಪೋಸ್ಟ್ ಕಡೆ ಇಳಿಯುವಾಗ ಮೊದಲ ತಿರುವಿನಲ್ಲಿ ಪೆಡಲ್ ಒತ್ತಿದ. ಹಿಡಿಯಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಒಂದು ಕಡೆಯ ಗಾಲಿ ಮಾತ್ರ ಹಿಡಿಯಿತು, ಇನ್ನೊಂದು ಕಡೆಯದು ಇಲ್ಲ. ಮಂಜುಗಡ್ಡೆಯ ಮೇಲೆ ಅರ್ಧ ಹಿಡಿದ ಬ್ರೇಕು ಪೂರ್ತಿ ಹಿಡಿಯದ ಬ್ರೇಕಿಗಿಂತ ಕೆಟ್ಟದ್ದಂತೆ. ಗಾಡಿ ಸೊಂಟ ತಿರುಗಿಸಿತು. ಎಡಕ್ಕೆ ಗುಡ್ಡ, ಬಲಕ್ಕೆ ಏನೂ ಇಲ್ಲ.

"ಕಾಲು ತೆಗದ್ಬಿಟ್ಟೆ ಸರ. ಒತ್ತಬೇಕು ಅಂತ ಜೀವ ಹೇಳ್ತದ, ಆದ್ರ ತೆಗಿಬೇಕು. ಎರಡನೇ ಗೇರಿನ್ಯಾಗೇ ಇದ್ದೆ, ಕ್ಲಚ್ ಮುಟ್ಲಿಲ್ಲ. ಕ್ಲಚ್ ಒತ್ತಿದ್ರ ಅಲ್ಲೇ ಮುಗೀತಿತ್ತು."

ನಮ್ಮಲ್ಲಿ ಟ್ರಾಕ್ಟರ್ ಓಡಿಸುವವರು ತಲೆಯಾಡಿಸಿದರು. ಉಳಿದವರಿಗಾಗಿ ಹೇಳುತ್ತೇನೆ. ಸಣ್ಣ ಗೇರಿನಲ್ಲಿ ಇದ್ದಾಗ ಗಾಲಿ ಓಡಬೇಕೆಂದರೂ ಎಂಜಿನ್ ಅದನ್ನು ಹಿಂದಕ್ಕೆ ಹಿಡಿದಿರುತ್ತದೆ. ಕ್ಲಚ್ ಒತ್ತಿದ ಕೂಡಲೇ ಗಾಲಿಗೂ ಎಂಜಿನ್ನಿಗೂ ಸಂಬಂಧ ಕಡಿಯುತ್ತದೆ, ಗಾಡಿ ಇಳಿಜಾರಿನ ಪಾಲು. ಅಲ್ಲಿಯ ಹಳಬರು ಅದಕ್ಕೇ ನೆತ್ತಿಯ ಮೇಲೆಯೇ ಗೇರ್ ಇಳಿಸಿಕೊಳ್ಳುತ್ತಾರೆ. ಇಳಿಯಲು ಶುರು ಮಾಡಿದ ಮೇಲೆ ಇಳಿಸಲು ಹೋದರೆ ಹೊತ್ತು ಮೀರಿರುತ್ತದೆ.

ಕಾಲು ತೆಗೆದ ಮೇಲೆ ಗಾಲಿ ಮತ್ತೆ ಉರುಳಿ ಸ್ಟೇರಿಂಗ್ ಮಾತು ಕೇಳಿತು. ಗುಡ್ಡದ ಕಡೆ ಯಂತ್ರಗಳು ಬಳಿದಿಟ್ಟ ಹಿಮದ ಗುಪ್ಪೆಗೆ ಮೆಲ್ಲಗೆ ಉಜ್ಜಿಸಿದ. ನೂರು ಅಡಿ ಉಜ್ಜಿಕೊಂಡು ಹೋಗಿ ನಿಂತಿತು. ಸ್ವಲ್ಪ ಹೊತ್ತಿಗೆ ಹಿಂದಿನ ಗಾಡಿಗಳು ಬಂದವು. ಹಿಂದಿನ ಸಂಜೆ ಆ ಮಾತು ಅಂದವನು ಹಾರ್ನ್ ಹೊಡೆದು ದಾಟಿ ಹೋದ, ನಿಲ್ಲಲಿಲ್ಲ. ಯಾರೋ ಒಬ್ಬ ಲಡಾಖಿ ಡ್ರೈವರು ನಿಲ್ಲಿಸಿ, "ಜುಲೇ" ಅಂದು ನಮಸ್ಕರಿಸಿ, ಗಾಲಿಗೆ ಕಲ್ಲು ಕೊಟ್ಟು, ಸ್ಟೋವಿನ ಮೇಲೆ ನೀರು ಕಾಯಿಸಿ ಪೈಪಿಗೆ ಸುರಿದು ಗಂಟೆಗಟ್ಟಲೆ ಜೊತೆಗಿದ್ದ. ಅವನ ಗಾಡಿಯಲ್ಲಿ ಬುದ್ಧನ ಚಿತ್ರವಿತ್ತೇ ಎಂದು ನಮ್ಮಲ್ಲೊಬ್ಬರು ಆಸೆಯಿಂದ ಕೇಳಿದರು. ನೋಡಿದ ನೆನಪಿಲ್ಲ ಅಂದ.

ಇಲ್ಲಿಂದ ಚರ್ಚೆ ಬಿಸಿಯಾಯಿತು. ಮೊದಲು ಮಾತಾಡಿದವನು ನಾನೇ. ಧಮ್ಮಪದದ ಕೋಧವಗ್ಗದಲ್ಲಿ ಭಗವಾನ್ ಬುದ್ಧರು ಸಿಟ್ಟನ್ನು ದಾರಿ ತಪ್ಪಿ ಓಡುವ ರಥಕ್ಕೆ ಹೋಲಿಸುತ್ತಾರೆ. ಅದನ್ನು ತಡೆಯಬಲ್ಲವನೇ ಸಾರಥಿ, ಬಾಕಿಯವರು ಬರೀ ಲಗಾಮು ಹಿಡಿದು ಕೂತವರು ಎಂಬ ಭಾವ. ಅದನ್ನು ಹೇಳಿ, ನೋಡಪ್ಪ, ಹಿಂದಿನ ಸಂಜೆ ಸಿಟ್ಟಿಗೆ ಜಾಗ ಕೊಟ್ಟೆ, ಅದಕ್ಕೇ ಹೀಗಾಯಿತು ಅಂದೆ. ಮೇಷ್ಟರ ಬುದ್ಧಿ, ಎಲ್ಲದಕ್ಕೂ ಪಾಠ ಒಪ್ಪಿಸುವುದು.

ಮೂಲೆಯಲ್ಲಿ ಕೂತಿದ್ದ ನಮ್ಮ ಓಣಿಯ ಅವ್ವ ಒಬ್ಬರು, ವಯಸ್ಸು ಎಪ್ಪತ್ತರ ಮೇಲೆ, ಅಕ್ಷರ ಬರುವುದಿಲ್ಲ, ಅವನನ್ನೇ ಕೇಳಿದರು: "ತಮ್ಮಾ, ಅಂದವನಿಗಿ ನೀ ಏನಂದಿ?"

"ಏನೂ ಅನ್ಲಿಲ್ಲಬೇ."

"ಯಾರ್ ಮುಂದರೆ ಹೇಳ್ಕೊಂಡೇನು?"

"ಇಲ್ಲಬೇ. ಇವತ್ತೇ ಹೇಳಾಕತ್ತೀನಿ."

"ಹಂಗಂದ್ರ ಅದೇ ನೀರು ನೋಡು. ಒಳಗ ನಿಂತಿದ್ದು."

ನಾನು ಬಾಯಿ ಮುಚ್ಚಿಕೊಂಡೆ. ನಿಜ ಹೇಳಬೇಕೆಂದರೆ ಎಂ.ಎ. ಓದಿದ ನಾನು ಆ ಗಾಥೆಯನ್ನು ಇಷ್ಟು ವರ್ಷ ಅರ್ಧವೇ ಓದಿದ್ದೆ. ಅದರ ಹಿಂದಿರುವ ಅಟ್ಠಕಥೆಯನ್ನು ನೋಡಿ. ಭಿಕ್ಷುವೊಬ್ಬ ಕುಟೀರಕ್ಕಾಗಿ ಮರ ಕಡಿಯುವಾಗ ಆ ಮರದಲ್ಲಿದ್ದ ದೇವತೆಯ ಮಗುವಿನ ತೋಳಿಗೆ ಕೊಡಲಿ ತಗಲುತ್ತದೆ. ತಾಯಿ ಅವನನ್ನು ಕೊಲ್ಲಲು ಕೈ ಎತ್ತುತ್ತಾಳೆ, ತಡೆಯುತ್ತಾಳೆ. ವೃಕ್ಷದೇವತೆಯ ಕಥೆ ಬಾಬಾಸಾಹೇಬರ ದಾರಿಯ ನಮಗೆ ಬೇಕಿಲ್ಲ ಎನ್ನುವವರಿದ್ದಾರೆ, ಸರಿಯೇ. ದೇವತೆಯನ್ನು ಬಿಡಿ, ತಾಯಿಯನ್ನು ನೋಡಿ. ಅವಳ ಸಿಟ್ಟು ಅನ್ಯಾಯದ್ದಲ್ಲ. ಕೈ ತಡೆದ ಮೇಲೆ ಅವಳು ಮನೆಗೆ ಹೋಗಿ ಮುಸುಕೆಳೆದು ಮಲಗಲಿಲ್ಲ. ನೇರ ಬುದ್ಧರ ಬಳಿ ಹೋಗಿ ಆದದ್ದನ್ನು ಹೇಳಿದಳು. ಬುದ್ಧರು ಮೆಚ್ಚಿದ್ದು ಅದನ್ನು ಕೇಳಿದ ಮೇಲೆ. ನಾನು "ತಡೆದಳು" ಎಂಬಲ್ಲಿಗೇ ಪುಸ್ತಕ ಮುಚ್ಚುತ್ತಿದ್ದೆ.

ಹೀಗೆ ಮುಚ್ಚಿದ್ದರ ಫಲ ನನಗೂ ಗೊತ್ತು. ಕೆಲವು ವರ್ಷದ ಹಿಂದೆ ಒಂದು ಕಡೆ ನನ್ನ ಮುಂದೆಯೇ ಮೀಸಲಾತಿಯ ಬಗ್ಗೆ ಆಡಿದ ಕುಹಕವನ್ನು ನಕ್ಕು ನುಂಗಿಕೊಂಡು ಬಂದೆ. ತಾಳ್ಮೆ ಎಂದುಕೊಂಡಿದ್ದೆ. ಮರುದಿನ ತರಗತಿಯಲ್ಲಿ ಕಾಗುಣಿತ ತಪ್ಪಿದ ಹುಡುಗನಿಗೆ ಕೈ ಎತ್ತಿದೆ. ಅವನೂ ನಮ್ಮ ಕೇರಿಯ ಹುಡುಗನೇ. ಹಿಂದಿನ ದಿನದ ನೀರು ಆ ಬೆಳಿಗ್ಗೆ ಗಡ್ಡೆಕಟ್ಟಿತ್ತು, ಜಾರಿದ್ದು ಮಗುವಿನ ಮೇಲೆ.

ಗಾಡಿಯ ಮಾತು ಬಂದಾಗ ಚಾಳೀಸಗಾಂವ್ ನೆನಪಾಗದೆ ಇರುತ್ತದೆಯೇ? 1929ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಕುಂದುಕೊರತೆ ವಿಚಾರಿಸುವ ಸರ್ಕಾರಿ ಸಮಿತಿಯ ಸದಸ್ಯರಾಗಿ ಖಾಂದೇಶ ಸುತ್ತಿ ಚಾಳೀಸಗಾಂವ್ ನಿಲ್ದಾಣದಲ್ಲಿ ಇಳಿದರು. ಬ್ಯಾರಿಸ್ಟರ್ ಆಗಿದ್ದವರನ್ನು ಕೂಡಿಸಿಕೊಂಡು ಹೋಗಲು ಒಬ್ಬ ಟಾಂಗಾವಾಲನೂ ಒಪ್ಪಲಿಲ್ಲ. ಕೊನೆಗೆ ಟಾಂಗಾ ಕೊಡುತ್ತೇನೆ, ಓಡಿಸುವುದಿಲ್ಲ ಎಂದ ಒಬ್ಬ. ಅತಿಥಿಯನ್ನು ನಡೆಸಿಕೊಂಡು ಹೋಗುವುದು ಮರ್ಯಾದೆಯಲ್ಲ ಎಂದು ನಮ್ಮ ಜನರಲ್ಲೇ ಒಬ್ಬ, ಎಂದೂ ಟಾಂಗಾ ಓಡಿಸದವನು, ಲಗಾಮು ಹಿಡಿದ. ನದಿಯ ಮೋರಿಯ ಮೇಲೆ ಗಾಲಿ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಕುದುರೆಯೂ ಟಾಂಗಾವೂ ಹೊಳೆಗೆ ಬಿದ್ದವು. ತಡವಾದದ್ದೇಕೆ, ಹೊಸಬ ಓಡಿಸಿದ್ದೇಕೆ ಎಂಬುದು ಅವರಿಗೆ ತಿಳಿದದ್ದು ಆಮೇಲೆ.

ಇದನ್ನು ಅವರು ನುಂಗಿಕೊಳ್ಳಲಿಲ್ಲ. ವೇಟಿಂಗ್ ಫಾರ್ ಎ ವೀಸಾ ಎಂಬ ಆತ್ಮಕಥನದ ಪುಟಗಳಲ್ಲಿ ಇಸವಿ, ಊರು ಸಮೇತ ಬರೆದಿಟ್ಟರು. ಮೋರಿಗೆ ಕಟ್ಟೆ ಇರಲಿಲ್ಲ, ಕಲ್ಲುಗಳ ನಡುವೆ ಎಷ್ಟು ಅಂತರ ಎಂಬುದನ್ನೂ ಬಿಡಲಿಲ್ಲ. ಟಾಂಗಾ ಓಡಿಸಿದ ಬಡವನ ಮೇಲೆ ಹರಿಹಾಯಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲು, 1927ರ ಮಾರ್ಚ್ 20ರಂದು ಮಹಾಡದಲ್ಲಿ ಚವದಾರ ಕೆರೆಯ ನೀರು ಮುಟ್ಟಿ ಬಂದವರ ಮೇಲೆ ಊರವರು ಬಡಿಗೆ ಹಿಡಿದು ಬಿದ್ದರು. ಜನ ತಿರುಗಿ ಹೊಡೆಯಲು ಬಾಬಾಸಾಹೇಬರ ಒಂದು ಮಾತಿಗೆ ಕಾಯುತ್ತಿದ್ದರು. ಅವರು ಆ ಮಾತು ಕೊಡಲಿಲ್ಲ. ಹಾಗೆಂದು ಮಹಾಡವನ್ನು ಮರೆತರೇ? ಅದೇ ಡಿಸೆಂಬರ್ 25ಕ್ಕೆ ಅಲ್ಲೇ ಮನುಸ್ಮೃತಿ ಸುಟ್ಟರು, ಕೆರೆಯ ಮೊಕದ್ದಮೆಯನ್ನು 1937ರಲ್ಲಿ ಬಾಂಬೆ ಹೈಕೋರ್ಟಿನ ತೀರ್ಪು ಬರುವವರೆಗೆ ನಡೆಸಿದರು. 1935ರ ಅಕ್ಟೋಬರಿನಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು, ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ಕ್ಕೆ. 21 ವರ್ಷ. ಯೇವಲಾದ ಮರುದಿನವೇ ಯಾಕೆ ಮತಾಂತರ ಆಗಲಿಲ್ಲ ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ಈ ಹುಡುಗನ ಮಾತು ಕೇಳಿದ ಮೇಲೆ ಅವರಿಗೆ ಹೇಳಬೇಕೆನಿಸಿದ್ದು ಇಷ್ಟು: ಲಕ್ಷಾಂತರ ಜನರನ್ನು ಕೂಡಿಸಿಕೊಂಡು ಇಳಿಯುವವನು ನೆತ್ತಿಯ ಮೇಲೇ ಗೇರ್ ಇಳಿಸಿಕೊಂಡಿದ್ದ. ಎಂಜಿನ್ನಿನಿಂದ ಗಾಲಿಯನ್ನು ಒಂದು ದಿನವೂ ಬಿಡಿಸಲಿಲ್ಲ.

ಬಳಗದಲ್ಲಿ ಎಲ್ಲರೂ ಒಪ್ಪಿದರು ಅಂದುಕೊಳ್ಳಬೇಡಿ. ಜಾತಿನಿಂದನೆಗೆ 1989ರ ಕಾಯ್ದೆ ಇದೆ, ದೂರು ಕೊಡಬೇಕಿತ್ತು ಎಂದರು ಒಬ್ಬರು. ಊರು ಬಿಟ್ಟು ಎರಡು ಸಾವಿರ ಕಿ.ಮೀ. ದೂರದಲ್ಲಿ ಒಬ್ಬನೇ ಇರುವ ಹುಡುಗ, ಸಾಕ್ಷಿ ಹೇಳುವವರು ತಲೆ ತಗ್ಗಿಸಿ ಉಂಡವರು, ಹೇಗೆ ಕೊಡುತ್ತಾನೆ ಎಂದರು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಹುರುಳಿದೆ. ಅವನನ್ನೇ ಕೇಳಿದೆ, ಈಗ ಆ ಮನುಷ್ಯನ ಮೇಲೆ ಸಿಟ್ಟು ಇದೆಯೇ ಅಂತ. "ಅದ ಸರ" ಅಂದ, ಮುಚ್ಚುಮರೆ ಇಲ್ಲದೆ. ಫೋಟೊ ತೆಗೆದೆಯಾ ಅಂದೆ. "ಯಾಕ್ ತೆಗೀಲಿ?" ಅಂದ.

ಮಂಗಳವಾರ ಯಾದಗಿರಿಯಲ್ಲಿ ರೈಲು ಹತ್ತಿದ. ಹೊರಡುವ ಮುನ್ನ ಅವ್ವ ಅವನ ಫೋನಿನಲ್ಲಿ ತಮ್ಮ ಮೊಮ್ಮಗನ ನಂಬರು ಹಾಕಿಸಿದ್ದಾರೆ. ಯಾರಾದರೂ ಏನಾದರೂ ಅಂದರೆ ಅದೇ ಸಂಜೆ ನನಗೆ ಫೋನು ಹಚ್ಚು, ಎಷ್ಟು ಹೊತ್ತಾದರೂ ಚಿಂತೆಯಿಲ್ಲ, ಗಾಡಿಯ ನೀರು ಬಿಟ್ಟು ಹಚ್ಚು ಎಂದು ಹೇಳಿದ್ದಾರೆ. ನಿನ್ನೆ ರಾತ್ರಿ ಒಮ್ಮೆ ಮಾಡಿದ್ದನಂತೆ. ಏನೂ ಆಗಿಲ್ಲ, ಸುಮ್ಮನೆ ಮಾಡಿದೆ ಅಂದನಂತೆ.

ಬರುವ ಭಾನುವಾರ ಬೆಳಿಗ್ಗೆ 10ಕ್ಕೆ ಎಂದಿನ ಜಾಗದಲ್ಲಿ ಸೇರೋಣ. ಚಾಳೀಸಗಾಂವ್ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿದೆ. ಓದಲು ಬಾರದವರು ನಾಲ್ಕೈದು ಜನ ಇರುವುದರಿಂದ ಗಟ್ಟಿ ದನಿಯವರು ಯಾರಾದರೂ ಓದಬೇಕು, ಹೆಸರು ಕೊಡಿ. ಈ ಸಲ ನಾನು ಓದುವುದಿಲ್ಲ, ಕೇಳುತ್ತೇನೆ.

ಭವತು ಸಬ್ಬ ಮಂಗಲಂ. ಜೈ ಭೀಮ್.