ಇಂದಿನ ಧಮ್ಮ ಚಿಂತನೆ: ಉತ್ತರ ದಿಕ್ಕಿನ ನೆರೆಯವರು

ರಾಜಗೃಹದಲ್ಲಿ ಸಿಗಾಲ ಎಂಬ ಯುವಕನಿದ್ದ. ದಿನಾ ಬೆಳಿಗ್ಗೆ ಮಿಂದು, ಒದ್ದೆ ಬಟ್ಟೆಯಲ್ಲೇ ನಿಂತು ಆರು ದಿಕ್ಕುಗಳಿಗೆ ಕೈ ಮುಗಿಯುತ್ತಿದ್ದ. ಸಾಯುವಾಗ ಅಪ್ಪ ಹೇಳಿ ಹೋಗಿದ್ದ, ಅದಕ್ಕೇ ಮಾಡುತ್ತಿದ್ದ. ಭಗವಾನ್ ಬುದ್ಧರು ಅವನನ್ನು ಗದರಲಿಲ್ಲ. ಆ ಆರು ದಿಕ್ಕುಗಳಲ್ಲಿ ಮನುಷ್ಯರನ್ನು ತೋರಿಸಿದರು. ಪೂರ್ವ ತಂದೆ ತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು ಮತ್ತು ಒಡನಾಡಿಗಳು, ಕೆಳಗೆ ದುಡಿಯುವವರು, ಮೇಲೆ ಶ್ರಮಣರು. ಇವರ ಜೊತೆ ಸರಿಯಾಗಿ ನಡೆದುಕೊಳ್ಳುವುದೇ ದಿಕ್ಕಿಗೆ ಮಾಡುವ ನಮಸ್ಕಾರ ಎಂದರು. ಇದು ದೀಘನಿಕಾಯದ ಸಿಗಾಲೋವಾದ ಸುತ್ತದಲ್ಲಿದೆ. ಗೃಹಸ್ಥರ ವಿನಯ ಎಂದೇ ಇದಕ್ಕೆ ಹೆಸರು.

ಇವತ್ತು ಉತ್ತರ ದಿಕ್ಕಿನ ಬಗ್ಗೆ ಮಾತ್ರ ಮಾತಾಡೋಣ. ನೆರೆಯವರು ನಿಲ್ಲುವುದು ಆ ದಿಕ್ಕಿನಲ್ಲೇ.

ಉಪಕಾರಿ ಗೆಳೆಯನನ್ನು ಗುರುತಿಸಲು ಬುದ್ಧರು ನಾಲ್ಕು ಲಕ್ಷಣ ಹೇಳುತ್ತಾರೆ. ನಾವು ಮೈಮರೆತಾಗ ನಮ್ಮನ್ನು ಕಾಯುತ್ತಾನೆ. ಮೈಮರೆತಾಗ ನಮ್ಮ ಬದುಕು ಬಾಳನ್ನೂ ಕಾಯುತ್ತಾನೆ. ಹೆದರಿದಾಗ ಆಸರೆಯಾಗುತ್ತಾನೆ. ಅಗತ್ಯ ಬಿದ್ದಾಗ ಕೇಳಿದ್ದರ ಎರಡರಷ್ಟು ಕೊಡುತ್ತಾನೆ.

ಈ ಸಾಲುಗಳನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮೂರ ನೀರುಗಂಟಿ ದೊಡ್ಡಪ್ಪ. ತುಮಕೂರು ಜಿಲ್ಲೆಯ ಒಂದು ಕೆರೆಯ ಏರಿಯ ಕೆಳಗೆ ನಮ್ಮ ಕೇರಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಈಜಲು ಹೋಗಿ ಮುಳುಗುತ್ತಿದ್ದ ನನ್ನನ್ನು ಕೂದಲು ಹಿಡಿದು ಎಳೆದವರು ಅವರು. ಅಪ್ಪ ಅವ್ವ ಕೂಲಿಗೆ ಹೋದಾಗ ನಮ್ಮ ಮೇಕೆಗಳನ್ನು ನೋಡಿಕೊಂಡವರು ಅವರು. ನಾನು ಟಿಸಿಎಚ್ ಸೇರುವಾಗ ಅಪ್ಪ ಐನೂರು ರೂಪಾಯಿ ಕೇಳಿದರೆ, ಕುರಿ ಮಾರಿ ಸಾವಿರ ತಂದುಕೊಟ್ಟರು. ಕೇಳಿದ್ದರ ಎರಡರಷ್ಟು! ಅವರು ಸುತ್ತ ಓದಿದವರಲ್ಲ, ದೀಕ್ಷೆ ತೆಗೆದುಕೊಂಡವರೂ ಅಲ್ಲ.

ನೀರುಗಂಟಿ ಕೆಲಸ ನಮ್ಮ ಕಡೆ ಹೆಚ್ಚಾಗಿ ನಮ್ಮವರದೇ. ತೂಬು ಎತ್ತುವುದು, ಅಚ್ಚುಕಟ್ಟಿನ ಗದ್ದೆ ತೋಟಗಳಿಗೆ ಸರದಿಯಂತೆ ನೀರು ಬಿಡುವುದು, ಮಳೆಗಾಲದಲ್ಲಿ ಏರಿ ಕಾಯುವುದು. ಕೂಲಿಯೆಂದರೆ ಸುಗ್ಗಿಯಲ್ಲಿ ಸಿಗುವ ಆಯ. ದೊಡ್ಡಪ್ಪ ಕೈಯಾರೆ ಬಿಟ್ಟ ನೀರು ಎಲ್ಲರ ಬೆಳೆಗೂ ಆಗುತ್ತಿತ್ತು. ಅದೇ ಕೈ ಊರಿನವರ ಸೋಪಾನದಲ್ಲಿ ಬಿಂದಿಗೆ ಅದ್ದಿದರೆ ಮೈಲಿಗೆ ಆಗುತ್ತಿತ್ತು. ನಾವು ನೀರು ತುಂಬುತ್ತಿದ್ದ ಜಾಗವೇ ಬೇರೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಬಾಯಾರಿಕೆಗಲ್ಲ. ನಾವೂ ಎಲ್ಲರಂತೆ ಮನುಷ್ಯರು ಎಂದು ಸ್ಥಾಪಿಸುವುದಕ್ಕೆ. ಆ ಕೆರೆಯ ಮೊಕದ್ದಮೆ ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ. ಸಂವಿಧಾನದ 15ನೇ ವಿಧಿ ಕೆರೆ, ಬಾವಿ, ಸ್ನಾನಘಟ್ಟಗಳನ್ನು ಹೆಸರು ಹಿಡಿದೇ ಹೇಳುತ್ತದೆ.

2022ರ ಮಳೆ ನಿಮಗೆ ನೆನಪಿರಬಹುದು. ಎಷ್ಟೋ ವರ್ಷ ತುಂಬದ ಕೆರೆಗಳೆಲ್ಲ ಕೋಡಿ ಬಿದ್ದವು. ರಜೆಗೆಂದು ನಾನು ಊರಿನಲ್ಲಿದ್ದೆ. ನಡುರಾತ್ರಿ ದೊಡ್ಡಪ್ಪ ಬಾಗಿಲು ಬಡಿದರು. "ಏರಿ ಜಿನುಗ್ತೈತೆ ಮಗ. ನೀರು ತಿಳಿಯಾಗಿಲ್ಲ, ಬಗ್ಗಡ ಬತ್ತೈತೆ." ಜಿನುಗುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಬಗ್ಗಡವಾದರೆ ಏರಿಯ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಎಪ್ಪತ್ತು ದಾಟಿದ ಆ ಜೀವ ಮಳೆಯಲ್ಲೇ ಓಡಿ, ಕೇರಿಯನ್ನೂ ಊರನ್ನೂ ಎಬ್ಬಿಸಿತು. ಬೆಳಗಿನವರೆಗೆ ನಾವೆಲ್ಲ ಜಲ್ಲಿ, ಮರಳಿನ ಚೀಲ ಹೊತ್ತೆವು. ಏರಿ ನಿಂತಿತು.

ಏರಿಯ ಕೆಳಗೇ ಇದ್ದದ್ದು ಊರ ಯಜಮಾನರೊಬ್ಬರ ಅಡಿಕೆ ತೋಟ. ಎರಡು ದಿನ ಬಿಟ್ಟು ಅವರು ಒಂದು ಚೀಲ ರಾಗಿ ಹೊರಿಸಿಕೊಂಡು ಬಂದರು. ಅಂಗಳದಲ್ಲೇ ನಿಂತು, "ತಗಳಪ್ಪ, ತೋಟ ಉಳಿಸ್ದೆ" ಎಂದರು. ದೊಡ್ಡಪ್ಪ ಕೈ ಮುಗಿದು ಹೇಳಿದರು: "ರಾಗಿ ಬ್ಯಾಡ ಬುದ್ಧಿ. ಬಂದಿದ್ದೀರಿ, ಒಳಕ್ಕೆ ಬಂದು ಒಂದು ಮುದ್ದೆ ಉಣ್ಕಂಡು ಹೋಗಿ."

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇನ್ನೊಂದಿನ ಬತ್ತೀನಿ" ಎಂದು ಹೊರಟರು. ಆ ಇನ್ನೊಂದು ದಿನ ಇವತ್ತಿಗೂ ಬಂದಿಲ್ಲ.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಇನ್ನೊಂದು ಸಲ ಏರಿ ಒಡೆದರೆ ಒಡೆಯಲಿ ಬಿಡು ದೊಡ್ಡಪ್ಪ" ಎಂದೆ. ಅವರು, "ಯಾರ ಮನೆ ಅಂತ ನೀರು ಕೇಳ್ತೈತಾ?" ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಅವ್ರು ಬಿಡು. ನೀನು ಪ್ಯಾಟೇಲಿ ಯಾರ ಮನೇಲಿ ಉಣ್ತೀಯ ಮಗ?"

ಬಂಧುಗಳೇ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಬೀದಿಯಲ್ಲಿ ಎದುರು ಮನೆಯವರು ಪೌರಕಾರ್ಮಿಕರು. ಅವರೂ ನಮ್ಮ ಜನವೇ, ಆದರೆ ಬೇರೆ ಒಳಜಾತಿ. ಅವರ ಮಗಳ ಹಾಸ್ಟೆಲ್ ಅರ್ಜಿ ತುಂಬಿಕೊಟ್ಟಿದ್ದೆ. ಹಬ್ಬಕ್ಕೆ ಬಟ್ಟೆ ಕೊಟ್ಟಿದ್ದೆ. ಪಂಚಶೀಲ ಸ್ವೀಕರಿಸಿ ಆರು ವರ್ಷವಾಗಿದ್ದರೂ ಅವರ ಹೊಸ್ತಿಲು ದಾಟಿರಲಿಲ್ಲ. ಕೊಟ್ಟದ್ದೆಲ್ಲ ಅಂಗಳದಲ್ಲಿ ನಿಂತೇ. ನಾನೂ ರಾಗಿ ಚೀಲದ ಯಜಮಾನನೇ ಆಗಿದ್ದೆ.

ಸಿಗಾಲೋವಾದ ಸುತ್ತವನ್ನು ಆಮೇಲೆ ಮತ್ತೆ ತೆಗೆದು ಓದಿದೆ. ಉತ್ತರ ದಿಕ್ಕಿನವರಿಗೆ ನಾವು ಸಲ್ಲಿಸಬೇಕಾದದ್ದು ಐದು: ದಾನ, ಪ್ರಿಯವಾದ ಮಾತು, ಹಿತವಾದ ನಡೆ, ಸಮಾನತ್ತತಾ, ವಂಚನೆಯಿಲ್ಲದ ನಡತೆ. ನಾಲ್ಕನೆಯದನ್ನು ನಾನು ಅಷ್ಟು ದಿನ ಗಮನಿಸಿರಲಿಲ್ಲ. ಸಮಾನತ್ತತಾ ಎಂದರೆ ತನ್ನಂತೆಯೇ ಅವರನ್ನೂ ಕಾಣುವುದು, ಸರಿಸಮನಾಗಿ ನಡೆದುಕೊಳ್ಳುವುದು. ಬುದ್ಧರು ದಾನವನ್ನು ಒಂಟಿಯಾಗಿ ಬಿಡಲಿಲ್ಲ, ಸಮಾನತೆಯ ಜೊತೆಗೇ ಇಟ್ಟರು. ಸಮಾನತೆ ಇಲ್ಲದ ದಾನದಿಂದ ಕೊಟ್ಟವನು ಮೇಲೆ, ಪಡೆದವನು ಕೆಳಗೆ ಎಂಬುದು ಇನ್ನಷ್ಟು ಗಟ್ಟಿಯಾಗುತ್ತದೆ. ಜಾತಿಗೂ ದಯೆ ಗೊತ್ತು. ಅದಕ್ಕೆ ಗೊತ್ತಿಲ್ಲದ್ದು ಮೈತ್ರಿ. ಬಾಬಾಸಾಹೇಬರು ಕರುಣೆಯಷ್ಟೇ ಸಾಲದು, ಮೈತ್ರಿ ಬೇಕು ಎಂದದ್ದನ್ನು ಇಲ್ಲಿ ನೆನೆಯೋಣ. 1956ರಲ್ಲಿ ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಸಮಾನತೆಗಾಗಿ ಶ್ರಮಿಸುತ್ತೇನೆ ಎಂಬುದೂ ಒಂದು. ಆ ಪ್ರತಿಜ್ಞೆ ನಮ್ಮ ಒಳಜಾತಿಯ ಗೋಡೆಗೂ ಅನ್ವಯಿಸುತ್ತದೆ.

ಊರಿಂದ ಬಂದ ವಾರದಲ್ಲೇ ಎದುರು ಮನೆಗೆ ಹೋಗಿ, "ಅಕ್ಕಾ, ಒಂದು ಲೋಟ ಟೀ ಕೊಡಿ" ಎಂದೆ. ಆ ತಾಯಿ ಗಾಬರಿಯಾದರು. ಲೋಟವನ್ನು ತೊಳೆದರು. ನನ್ನ ಕಡೆ ನೋಡಿ, ಇನ್ನೊಂದು ಸಲ ತೊಳೆದರು. ಆ ಎರಡನೇ ಸಲಕ್ಕೆ ಕಾರಣ ನಾನೇ ಎಂದು ನನಗೆ ಗೊತ್ತಾಯಿತು. ಈಗ ಅವರು ಒಂದೇ ಸಲ ತೊಳೆಯುತ್ತಾರೆ. ಅಷ್ಟಾಗಲು ಒಂದು ವರ್ಷ ಹಿಡಿಯಿತು.

ದೊಡ್ಡಪ್ಪ ಈಗಲೂ ಮಳೆ ಬಂದ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ನಡೆಯುತ್ತಾರೆ. ತೋಟವೂ ಕೇರಿಯೂ ಕೆಳಗೆ ಮಲಗಿರುತ್ತವೆ.

*ಇಂದಿನ ಸಂಕಲ್ಪ:* ನಾನು ಸಹಾಯ ಮಾಡಿದ ಒಬ್ಬ ನೆರೆಯವರನ್ನು ನೆನೆಯುತ್ತೇನೆ. ಅವರ ಮನೆಯಲ್ಲಿ ಕೂತು ಏನಾದರೂ ಉಂಡಿದ್ದೇನೆಯೇ ಎಂದು ಕೇಳಿಕೊಳ್ಳುತ್ತೇನೆ. ಇಲ್ಲವಾದರೆ ಈ ವಾರವೇ ಹೋಗುತ್ತೇನೆ. ಕೊಡಲು ಅಲ್ಲ, ಅವರ ಕೈಯಿಂದ ಪಡೆಯಲು.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.