ನೆರೆಯ ಶಾಲೆಯ ಹಣವೂ ನೆರೆಯ ಧರ್ಮವೂ

ಜೂನ್ ಮಾಸದ ಮೊದಲ ವಾರದಲ್ಲಿ, ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ, ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ನಿಂತವರಿಗೆ ಒಂದು ದೃಶ್ಯವು ತಪ್ಪದೆ ಕಾಣುವುದು. ಹಳದಿ ಬಣ್ಣದ ಶಾಲಾವಾಹನಗಳು ಹಳ್ಳಿಯಿಂದ ಹಳ್ಳಿಗೆ ಹಾಯ್ದು, ಸಮವಸ್ತ್ರ ತೊಟ್ಟ ಮಕ್ಕಳನ್ನು ತುಂಬಿಕೊಂಡು, ಸರಕಾರಿ ಪ್ರಾಥಮಿಕ ಶಾಲೆಯ ಬಾಗಿಲ ಮುಂದೆಯೇ ಸಾಗಿಹೋಗುವುವು. ಆ ಬಾಗಿಲಿನೊಳಗೆ ಉಪಾಧ್ಯಾಯಿನಿಯೊಬ್ಬರು ದಾಖಲಾತಿಯ ಪುಸ್ತಕವನ್ನು ತೆರೆದಿಟ್ಟುಕೊಂಡು ಕುಳಿತಿರುವರು. ಈ ವರ್ಷ ಒಂದನೆಯ ತರಗತಿಗೆ ಎಷ್ಟು ಹೆಸರು ಬಂದೀತು ಎಂಬುದರ ಮೇಲೆ, ಪಕ್ಕದ ಕೊಠಡಿಯಲ್ಲಿ ಇನ್ನೊಬ್ಬ ಉಪಾಧ್ಯಾಯರು ಮುಂದಿನ ವರ್ಷ ಇರುವರೋ ಇಲ್ಲವೋ ಎಂಬುದು ನಿಂತಿರುತ್ತದೆ.

ತಂದೆತಾಯಿಗಳು ತಮ್ಮ ಸ್ವಂತ ಹಣದಿಂದ ಮಗುವನ್ನು ಬೇರೆ ಶಾಲೆಗೆ ಕಳುಹಿಸಿದರೆ ಅದನ್ನು ಕೇಳತಕ್ಕ ಅಧಿಕಾರ ಯಾರಿಗೂ ಇಲ್ಲ. ಆದರೆ ಆ ವಾಹನದಲ್ಲಿ ಹೋಗುವ ಮಕ್ಕಳಲ್ಲಿ ಕೆಲವರ ಶುಲ್ಕವನ್ನು ಸರಕಾರವೇ ತೆರುತ್ತ ಬಂದಿದೆ. ಒಂದು ಕೈಯಿಂದ ಶಾಲೆಯನ್ನು ನಡೆಸುತ್ತ, ಇನ್ನೊಂದು ಕೈಯಿಂದ ಆ ಶಾಲೆಯನ್ನು ಬಿಟ್ಟುಹೋಗುವ ಮಗುವಿಗೆ ದಾರಿಯ ಬುತ್ತಿಯನ್ನು ಕಟ್ಟಿಕೊಡುವುದು ಧರ್ಮವೇ? ಕಟ್ಟಿಕೊಟ್ಟ ಬುತ್ತಿಯನ್ನು ನಡುವೆ ಕಿತ್ತುಕೊಳ್ಳುವುದು ಧರ್ಮವೇ? ಕರ್ಣಾಟಕವು ಹತ್ತು ವರ್ಷಗಳೊಳಗೆ ಈ ಎರಡನ್ನೂ ಮಾಡಿದೆ. ಆದಕಾರಣ ಎರಡನ್ನೂ ವಿಚಾರಿಸಬೇಕಾಗಿದೆ.

ಸಂಗತಿ ಹೀಗಿದೆ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಹನ್ನೆರಡನೆಯ ಪ್ರಕರಣವು, ಅನುದಾನ ಪಡೆಯದ ಖಾಸಗಿ ಶಾಲೆಗಳೂ ಒಂದನೆಯ ತರಗತಿಯ ಸ್ಥಾನಗಳಲ್ಲಿ ನೂರಕ್ಕೆ ಇಪ್ಪತ್ತೈದಕ್ಕೆ ಕಡಮೆಯಿಲ್ಲದಷ್ಟನ್ನು ಬಡ ಮತ್ತು ಹಿಂದುಳಿದ ಮನೆಗಳ ನೆರೆಹೊರೆಯ ಮಕ್ಕಳಿಗೆ ಕೊಡಬೇಕೆಂದು ವಿಧಿಸಿತು. ಸರಕಾರವು ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ವೆಚ್ಚ, ಅಥವಾ ಖಾಸಗಿ ಶಾಲೆಯು ಪಡೆಯುವ ಶುಲ್ಕ, ಇವೆರಡರಲ್ಲಿ ಯಾವುದು ಕಡಮೆಯೋ ಅದನ್ನು ಆ ಶಾಲೆಗೆ ತುಂಬಿಕೊಡತಕ್ಕದ್ದು. 2012ರ ಏಪ್ರಿಲ್ 12ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಧಿಯನ್ನು ಎತ್ತಿಹಿಡಿದು, ಅನುದಾನರಹಿತ ಅಲ್ಪಸಂಖ್ಯಾತರ ಶಾಲೆಗಳನ್ನು ಮಾತ್ರ ಹೊರತುಪಡಿಸಿತು. ಕರ್ಣಾಟಕದಲ್ಲಿ ಅದೇ ವರ್ಷ ಪ್ರವೇಶ ಮೊದಲಾಯಿತು. ಒಂದನೆಯ ತರಗತಿಯ ಮಗುವಿಗೆ ವರ್ಷಕ್ಕೆ 11,848 ರೂಪಾಯಿ, ಪೂರ್ವ ಪ್ರಾಥಮಿಕದ ಮಗುವಿಗೆ 5,924 ರೂಪಾಯಿ ಎಂಬುದು ಮೊದಲಿನ ದರ. ಅನಂತರ ಅದು 16,000 ಮತ್ತು 8,000 ರೂಪಾಯಿಗಳಿಗೆ ಏರಿತು.

ಹೊರನೋಟಕ್ಕೆ ಇದರಲ್ಲಿ ಯಾರಿಗೂ ನಷ್ಟವಿಲ್ಲ. ಮಗು ಇಲ್ಲಿದ್ದರೂ ಖರ್ಚು, ಅಲ್ಲಿದ್ದರೂ ಖರ್ಚು. ಹಣವು ಮಗುವಿನ ಹಿಂದೆ ಹೋಯಿತು, ಅಷ್ಟೆ ಎಂದು ಹೇಳತಕ್ಕವರುಂಟು. ಈ ಮಾತು ಇಲ್ಲಿ ಹುಟ್ಟಿದ್ದಲ್ಲ. ಅಮೆರಿಕಾದ ಮಿನ್ನೆಸೋಟ ಸಂಸ್ಥಾನವು 1991ರಲ್ಲಿ ಸನ್ನದು ಶಾಲೆಗಳ ಕಾಯಿದೆಯನ್ನು ಮಾಡಿತು. ಸರಕಾರದ ಹಣದಿಂದ ನಡೆದರೂ ಸರಕಾರಿ ಶಾಲಾಮಂಡಲಿಯ ಆಡಳಿತಕ್ಕೆ ಒಳಪಡದ ಶಾಲೆಗಳಿವು. ಅಲ್ಲಿನವರು ಇವನ್ನು ಚಾರ್ಟರ್ ಶಾಲೆಗಳೆನ್ನುವರು. 1997ರಲ್ಲಿ ಪೆನ್ಸಿಲ್ವೇನಿಯವೂ ಅದೇ ದಾರಿಯನ್ನು ಹಿಡಿಯಿತು. ಅಲ್ಲಿ ಸನ್ನದು ಶಾಲೆಗೆ ಹೋದ ಮಗುವಿನ ಹಣವನ್ನು ಆ ಊರಿನ ಶಾಲಾಮಂಡಲಿಯೇ ತೆರಬೇಕು. ಮಂಡಲಿಗೆ ಆಗುವ ಹೊರೆಯಲ್ಲಿ ಒಂದು ಪಾಲನ್ನು ಸಂಸ್ಥಾನವು ತುಂಬಿಕೊಡುತ್ತಿತ್ತು. 2011ರಲ್ಲಿ ಅದನ್ನು ನಿಲ್ಲಿಸಿತು. ಮಗು ಹೋದೊಡನೆ ಕಟ್ಟಡದ ಸೂರು ಕಿರಿದಾಗುವುದಿಲ್ಲ, ಉಪಾಧ್ಯಾಯರ ಸಂಬಳ ಇಳಿಯುವುದಿಲ್ಲ ಎಂಬ ಸಂಗತಿಯನ್ನು ಅಲ್ಲಿನ ಮಂಡಲಿಗಳು ತಮ್ಮ ಆಯವ್ಯಯದ ಪಟ್ಟಿಗಳಲ್ಲಿಯೇ ಕಂಡುಕೊಂಡವು.

ಇಲ್ಲಿಯ ಲೆಕ್ಕ ಅಷ್ಟು ಎದ್ದು ಕಾಣುವಂಥದಲ್ಲ. ಹಣವನ್ನು ತೆರುವುದು ರಾಜ್ಯದ ಬೊಕ್ಕಸ. ಹಳ್ಳಿಯ ಶಾಲೆಗೆ ಯಾರೂ ಬಿಲ್ಲನ್ನು ಕಳುಹಿಸುವುದಿಲ್ಲ. ಆದರೂ ನಷ್ಟವು ಬೇರೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯ ಪ್ರಕಾರ ಕಿರಿಯ ತರಗತಿಗಳಲ್ಲಿ ಅರುವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು. ಅರುವತ್ತೊಂದರಿಂದ ತೊಂಬತ್ತರವರೆಗೆ ಮೂವರು. ಅರುವತ್ತುನಾಲ್ಕು ಮಕ್ಕಳಿರುವ ಒಂದು ಶಾಲೆಯನ್ನು ಭಾವಿಸಿದರೆ, ಅಲ್ಲಿ ಐದು ತರಗತಿಗಳಿಗೆ ಮೂವರು. ಅದರಿಂದ ಐದೇ ಮಕ್ಕಳು ಬೇರೆ ಕಡೆಗೆ ಹೋದರೆ ಉಳಿದವರು ಐವತ್ತೊಂಬತ್ತು. ಮೂರನೆಯವರು ಹೆಚ್ಚುವರಿ ಎನಿಸಿಕೊಂಡು ವರ್ಗವಾಗತಕ್ಕವರು. ಹೋದವರು ಐವರು, ಉಪಾಧ್ಯಾಯರನ್ನು ಕಳೆದುಕೊಂಡವರು ಐವತ್ತೊಂಬತ್ತು ಮಂದಿ. ಸೀಮೆಸುಣ್ಣ, ಕರೆಂಟು, ಸಣ್ಣಪುಟ್ಟ ದುರಸ್ತಿಗಾಗಿ ಬರುವ ವಾರ್ಷಿಕ ಅನುದಾನಕ್ಕೂ ಇಂಥ ಮೆಟ್ಟಿಲುಗಳುಂಟು. ಸಮಗ್ರ ಶಿಕ್ಷಣ ಯೋಜನೆಯ ಕ್ರಮದಲ್ಲಿ ಮೂವತ್ತು ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, ಅದಕ್ಕೆ ಮೇಲ್ಪಟ್ಟು ನೂರರವರೆಗೆ 25,000 ರೂಪಾಯಿ. ಬಿಸಿಯೂಟದ ಅಡುಗೆಯವರೂ ಇಪ್ಪತ್ತೈದು ಮಕ್ಕಳವರೆಗೆ ಒಬ್ಬರೇ; ಇಪ್ಪತ್ತಾರನೆಯ ಮಗು ಬಂದರೆ ಇಬ್ಬರು. ಒಂದು ಮಗುವಿನ ಹೆಸರನ್ನು ಪುಸ್ತಕದಿಂದ ಹೊಡೆದುಹಾಕುವಾಗ, ಒಬ್ಬ ಬಡ ಹೆಂಗಸಿನ ಕೆಲಸವೂ ಅದೇ ಗೆರೆಯ ಕೆಳಗೆ ಸಿಕ್ಕಬಹುದು.

ಇದರಲ್ಲಿ ಇನ್ನೊಂದು ವಿಪರೀತವುಂಟು. ಸರಕಾರಿ ಶಾಲೆಯ ಒಂದು ಮಗುವಿನ ವೆಚ್ಚವೆಂದರೆ ಒಟ್ಟು ವೆಚ್ಚವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ ಬಂದ ಮೊತ್ತ. ಮಕ್ಕಳು ಕಡಮೆಯಾದಂತೆ ಭಾಜಕವು ಕುಗ್ಗುತ್ತದೆ, ಭಾಗಲಬ್ಧವು ಹಿಗ್ಗುತ್ತದೆ. ಶಾಲೆ ಬರಿದಾದಷ್ಟೂ ಅದರ ಒಂದೊಂದು ಮಗುವೂ ದುಬಾರಿಯಾಗಿ ಕಾಣುತ್ತದೆ. ಆಗ, ಇಷ್ಟು ದುಬಾರಿಯ ಶಾಲೆ ಏತಕ್ಕೆ ಎಂದು ಒಬ್ಬರು ಕೇಳುವರು. ನಿಮ್ಮ ವೆಚ್ಚವೇ ಏರಿರುವಾಗ ನಮಗೆ ತುಂಬಿಕೊಡುವ ಹಣವನ್ನೂ ಏರಿಸಿರಿ ಎಂದು ಇನ್ನೊಬ್ಬರು ಕೇಳುವರು. ಇಬ್ಬರ ಗಣಿತವೂ ಸರಿಯೆ. ರೋಗಿಯ ಮೈ ಇಳಿದುದರಿಂದ ಅಂಗಿಯು ದೊಡ್ಡದಾಯಿತೆಂದು ದರ್ಜಿಯನ್ನು ದೂರುವಂಥ ಗಣಿತವದು.

ಹೊಸಕೋಟೆಯ ಸೀಮೆಯಲ್ಲಿ ಕೆರೆಯ ಕೆಳಗೆ ಬೇಸಾಯ ಮಾಡಿದ ಮನೆಗಳಿಗೆ ಇದು ಹೊಸ ವಿಷಯವಲ್ಲ. ಅಚ್ಚುಕಟ್ಟಿನಲ್ಲಿ ಇಪ್ಪತ್ತು ಮಂದಿ ರೈತರಿದ್ದಾಗಲೂ ಏರಿಯ ಉದ್ದ ಅಷ್ಟೆ, ಹತ್ತು ಮಂದಿ ಉಳಿದಾಗಲೂ ಅಷ್ಟೆ. ಅನುಕೂಲವುಳ್ಳವನು ತನ್ನ ಹೊಲದಲ್ಲಿ ಕೊಳವೆಬಾವಿ ತೆಗೆಸಿದ ದಿನದಿಂದ ತೂಬಿನ ಕಡೆಗೆ ತಿರುಗಿ ನೋಡುವುದನ್ನು ಬಿಟ್ಟನು. ಅವನು ಕೆರೆಗೆ ಕೇಡು ಬಗೆದವನಲ್ಲ. ಆದರೆ ಹೂಳೆತ್ತುವ ದಿನ ಗುದ್ದಲಿ ಹಿಡಿದು ಬರುವವರಲ್ಲಿ, ನೀರಗಂಟಿಯನ್ನು ಗದರಿಸಿ ಕೇಳುವವರಲ್ಲಿ, ಒಬ್ಬನು ಕಡಮೆಯಾದನು. ಶಾಲೆಯಿಂದ ಮೊದಲು ಹೊರಡುವುದೂ ಸಾಮಾನ್ಯವಾಗಿ ಕೇಳಬಲ್ಲ ತಂದೆಯ ಮಗುವೇ. ಈ ನಷ್ಟವು ಯಾವ ಆಯವ್ಯಯ ಪಟ್ಟಿಯಲ್ಲಿಯೂ ಬರುವುದಿಲ್ಲ.

ಮೈಸೂರು ಸಂಸ್ಥಾನವು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯ ಮಾಡಲು ರೆಗ್ಯುಲೇಷನ್ ತಂದಿತು. ಊರಿನ ಮಕ್ಕಳ ವಿದ್ಯೆಯು ಊರಿನ ಸಮಷ್ಟಿಯ ಹೊಣೆ ಎಂಬ ಭಾವನೆ ಅದರ ಹಿಂದೆ ಇದ್ದಿತು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಸಲಹೆ ಮಾಡಿತು. ಸಲಹೆಯನ್ನು ಎಲ್ಲರೂ ಹೊಗಳಿದರು. ಹೊಗಳಿದವರ ಮಕ್ಕಳು ಬೇರೆ ಶಾಲೆಗೆ ಹೋದರು.

ಹೀಗಿರಲಾಗಿ 2019ರಲ್ಲಿ ಕರ್ಣಾಟಕ ಸರಕಾರವು ತನ್ನ ನಿಯಮವನ್ನು ತಿದ್ದಿತು. ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ, ಅಲ್ಲಿನ ಖಾಸಗಿ ಶಾಲೆಗೆ ಈ ವಿಧಿಯಂತೆ ಮಕ್ಕಳನ್ನು ಕಳುಹಿಸತಕ್ಕದ್ದಿಲ್ಲ ಎಂದಾಯಿತು. ಅದೇ ವರ್ಷದ ಮೇ 31ರಂದು ಉಚ್ಚ ನ್ಯಾಯಾಲಯವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಿಂದಿನ ವರ್ಷ ಸುಮಾರು ಒಂದೂವರೆ ಲಕ್ಷವಿದ್ದ ಸ್ಥಾನಗಳು ಸುಮಾರು ಹದಿನೇಳು ಸಾವಿರಕ್ಕೆ ಇಳಿದವು. ಮಹಾರಾಷ್ಟ್ರವು 2024ರಲ್ಲಿ ಇಂಥದೇ ತಿದ್ದುಪಡಿ ಮಾಡಿದಾಗ ಮುಂಬಯಿಯ ಉಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು ಎಂಬುದನ್ನು ವಾಚಕರು ಜ್ಞಾಪಿಸಿಕೊಳ್ಳಬೇಕು. ಒಂದೇ ಕಾಯಿದೆ, ಒಂದೇ ಬಗೆಯ ನಿಯಮ, ಎರಡು ತೀರ್ಪು. ಪ್ರಶ್ನೆಯು ಸುಲಭದ್ದಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳುವುದು ನ್ಯಾಯ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೂಲಿಯಿಂದ ಜೀವಿಸುವ ತಾಯಿಯೊಬ್ಬಳು ಹೀಗೆ ಕೇಳಬಹುದು: “ಸ್ವಾಮಿ, ಊರ ಶಾಲೆ ನಿಲ್ಲಬೇಕು, ನಿಜ. ಅದಕ್ಕೆ ನನ್ನ ಮಗಳೇ ಕಂಬವಾಗಬೇಕೆ? ಉಳ್ಳವರ ಮಕ್ಕಳು ವ್ಯಾನು ಹತ್ತಿ ಹೋದಾಗ ಯಾರೂ ತಡೆಯಲಿಲ್ಲ. ನನ್ನವಳು ಹತ್ತುವಾಗ ಮಾತ್ರ ಶಾಲೆ ಬಡವಾಗುತ್ತದೆಂದು ನಿಮಗೆ ನೆನಪಾಯಿತೆ? ಅವಳಿಗೆ ಆರನೆಯ ವರ್ಷ ಬರುವುದು ಒಂದೇ ಸಲ.” ಈ ಮಾತಿಗೆ ಉತ್ತರ ಕೊಡುವುದು ಕಷ್ಟ. ಮಗುವನ್ನು ಬೇರೆಯವರ ಹಿತಕ್ಕೆ ಸಾಧನವನ್ನಾಗಿ ಮಾತ್ರ ಎಣಿಸುವುದು ಅಧರ್ಮ. ಶಾಲೆಯನ್ನು ಉಳಿಸುವ ಹೊರೆಯನ್ನು ಅತ್ಯಂತ ಬಡವನ ಮಗುವಿನ ತಲೆಯ ಮೇಲೆ ಹೊರಿಸಿ, ಹೊರಬಲ್ಲವರನ್ನು ಬಿಟ್ಟುಬಿಡುವುದಂತೂ ದುಪ್ಪಟ್ಟು ಅಧರ್ಮ.

ಆದರೂ ತಿದ್ದುಪಡಿಯ ಪಕ್ಷದಲ್ಲಿ ಸತ್ಯವಿಲ್ಲದಿಲ್ಲ. ಸಾಮಾನ್ಯ ಧನವನ್ನು ಮೊದಲು ಸಾಮಾನ್ಯ ಶಾಲೆಗೆ ವೆಚ್ಚ ಮಾಡಬೇಕೆಂಬುದು ಯುಕ್ತವೇ. ಮೂರನೆಯ ಉಪಾಧ್ಯಾಯರನ್ನು ಕಳೆದುಕೊಂಡ ಐವತ್ತೊಂಬತ್ತು ಮಕ್ಕಳಿಗೂ ಆರನೆಯ ವರ್ಷ ಒಂದೇ ಸಲ ಬರುವುದಷ್ಟೆ; ಅವರ ತಾಯಂದಿರೂ ಮಗ್ಗದ ಕೂಲಿಯವರೇ. ದೋಷವಿರುವುದು ತತ್ತ್ವದಲ್ಲಲ್ಲ, ಅದರ ಅರ್ಧವನ್ನು ಮಾತ್ರ ಹಿಡಿದುದರಲ್ಲಿ. ಕೋಳಿಯ ಅರ್ಧವನ್ನು ಅಡುಗೆಗೂ ಇನ್ನರ್ಧವನ್ನು ಮೊಟ್ಟೆಗೂ ಇಟ್ಟುಕೊಳ್ಳುವೆನೆಂಬುದನ್ನು ಶಾಸ್ತ್ರಜ್ಞರು ಅರ್ಧಜರತೀಯ ನ್ಯಾಯವೆಂದು ನಕ್ಕು ಬಿಡುವರು. 2012ರಲ್ಲಿ ಸರಕಾರವು ಹೋಗುವ ಮಗುವಿನ ವೆಚ್ಚವನ್ನು ಎಣಿಸಿತು, ಉಳಿಯುವ ಮಕ್ಕಳ ನಷ್ಟವನ್ನು ಎಣಿಸಲಿಲ್ಲ. 2019ರಲ್ಲಿ ಬಾಗಿಲು ಮುಚ್ಚಿತು. ಮುಚ್ಚಿದುದರಿಂದ ಉಳಿಯುವ ಹಣವು ನೆರೆಯ ಶಾಲೆಗೇ ಸೇರತಕ್ಕದ್ದೆಂದು ಆ ನಿಯಮದಲ್ಲಿ ಬರೆಯಲಿಲ್ಲ. ಅದೇ ವರ್ಷ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆದುದು ನಿಜ; ತಂದೆತಾಯಿಗಳು ವ್ಯಾನಿನ ಹಿಂದೆ ಹೋಗುವುದು ಏತಕ್ಕೆಂಬುದನ್ನು ಇಲಾಖೆಯು ಅರಿತಿತ್ತೆಂಬುದಕ್ಕೆ ಅದೇ ಪ್ರಮಾಣ. ಆದರೆ ಬಾಗಿಲು ಮುಚ್ಚಿದುದು ಸಾವಿರ ಊರುಗಳಲ್ಲಿ ಮಾತ್ರವಲ್ಲ.

‘ನಿನ್ನ ನೆರೆಯಲ್ಲಿ ಶಾಲೆಯಿದೆ’ ಎಂದು ಹೇಳುವವನು ಶಾಲೆಯೆಂದರೇನೆಂಬುದನ್ನೂ ಹೇಳಬೇಕು. ಅದಕ್ಕೆ ಹೊಸ ಮೀಮಾಂಸೆ ಬೇಕಿಲ್ಲ. ಕಾಯಿದೆಯ ಅನುಸೂಚಿಯಲ್ಲಿಯೇ ಲಕ್ಷಣ ಹೇಳಿದೆ. ಸಂಖ್ಯೆಗೆ ತಕ್ಕ ಉಪಾಧ್ಯಾಯರು, ಒಬ್ಬೊಬ್ಬರಿಗೂ ಒಂದೊಂದು ಕೊಠಡಿ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಗೃಹ, ಕುಡಿಯುವ ನೀರು, ಬಿಸಿಯೂಟದ ಅಡುಗೆಮನೆ, ಆಟದ ಬಯಲು, ಸುತ್ತಿನ ಗೋಡೆ, ಪುಸ್ತಕ ಭಂಡಾರ. ಈ ಲಕ್ಷಣವುಳ್ಳ ಶಾಲೆ ನೆರೆಯಲ್ಲಿದ್ದರೆ ಸರಕಾರವು ತಾಯಿಗೆ ‘ಇಲ್ಲಿಗೇ ಕಳುಹಿಸು’ ಎಂದು ಹೇಳಬಹುದು. ಅವಳ ಮೇಲೆ ಅನ್ಯಾಯವಾಯಿತೆಂದು ಹೇಳಲಾಗದು. ಲಕ್ಷಣವಿಲ್ಲದ ಕಡೆ, ಬರಿಯ ಬೋರ್ಡನ್ನು ತೋರಿಸಿ ಶಾಲೆಯಿದೆಯೆನ್ನುವುದು ಲಕ್ಷ್ಯವಿಲ್ಲದ ಲಕ್ಷಣವನ್ನು ಪಠಿಸಿದಂತೆ. ಅಲ್ಲಿ ಇಲಾಖೆಯು ಮೊದಲು ಶಾಲೆಯನ್ನು ತುಂಬಲಿ, ಇಲ್ಲವೆ ಮಗುವಿನ ಶುಲ್ಕವನ್ನು ತುಂಬಲಿ. ಎರಡೂ ಇಲ್ಲವೆನ್ನುವ ಅಧಿಕಾರ ಅದಕ್ಕಿಲ್ಲ. ಮತ್ತು ಐದು ಮಕ್ಕಳು ಹೋದೊಡನೆ ಮೂರನೆಯ ಉಪಾಧ್ಯಾಯರನ್ನು ಎತ್ತಿಕೊಂಡುಹೋಗುವ ಮುನ್ನ ಎರಡು ಮೂರು ವರ್ಷ ತಾಳುವ ಕ್ರಮವೊಂದಿದ್ದರೆ, ಹೋದ ಮಕ್ಕಳು ಹಿಂದಿರುಗಲು ಒಂದು ಕಾರಣವಾದರೂ ಉಳಿದೀತು.

2018–19ರಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳೇ ಹಳೆಯ ನಿಯಮದಂತೆ ಆ ತರಗತಿಗೆ ಹೋದವರಲ್ಲಿ ಕೊನೆಯವರು. ತಪ್ಪದೆ ತೇರ್ಗಡೆಯಾಗಿ ಬಂದಿದ್ದರೆ ಅವರ ಎಂಟನೆಯ ತರಗತಿಯು 2025–26ರ ಸಾಲಿನದು. ಸರಕಾರದ ಹಣವು ಅಲ್ಲಿಗೆ ನಿಲ್ಲುತ್ತದೆ. ಒಂಬತ್ತನೆಯದಕ್ಕೆ ಪೂರ್ಣ ಶುಲ್ಕವನ್ನು ಮನೆಯವರೇ ತೆರಬೇಕು. ಇಲ್ಲವೆ ವರ್ಗಾವಣೆ ಪತ್ರವನ್ನು ಹಿಡಿದುಕೊಂಡು ಸರಕಾರಿ ಪ್ರೌಢಶಾಲೆಗೆ ಬರಬೇಕು. ಹಾಗೆ ಬಂದ ಹುಡುಗಿಯ ಹೆಸರನ್ನು ಮುಖ್ಯೋಪಾಧ್ಯಾಯರು ಪುಸ್ತಕದಲ್ಲಿ ಬರೆದುಕೊಳ್ಳುವರು. ಯಾವ ಊರಿನ ಪ್ರಾಥಮಿಕ ಶಾಲೆಯ ಹತ್ತಿರ ಅವಳ ಮನೆಯೆಂದು ಅವರು ಕೇಳಿದರೆ ಅವಳು ಹೇಳುವಳು. ಆ ಶಾಲೆಯಲ್ಲಿ ಈಗ ಎಷ್ಟು ಮಂದಿ ಉಪಾಧ್ಯಾಯರೆಂಬುದು ಅವಳಿಗೆ ತಿಳಿದಿರಲಾರದು.